ಓದುಗರ ಪ್ರಶ್ನೆ: ಅಟ್ಟದಿಂದ ಇಳಿದ ಇಟ್ಟಿಗೆ ಡಬ್ಬಿ

ಪ್ರಶ್ನೆ: ನನಗೀಗ 47 ವರ್ಷ, ಬ್ಯಾಂಕಿನಲ್ಲಿ ಕೆಲಸ. ಕಳೆದ ದೀಪಾವಳಿಗೆ ಮುಂಚೆ ಊರಿನ ಮನೆಗೆ ಸುಣ್ಣ ಬಳಿಸುವಾಗ ಅಟ್ಟದಿಂದ ಹಳೆಯ ಬಿಸ್ಕತ್ತಿನ ಡಬ್ಬಿಯೊಂದು ಇಳಿಯಿತು. 1985ರ ಸುಮಾರಿಗೆ ದೊಡ್ಡಪ್ಪ ಕುವೈತಿನಿಂದ ತಂದುಕೊಟ್ಟಿದ್ದ ಲೆಗೊ ಇಟ್ಟಿಗೆಗಳು ಅದರಲ್ಲಿ ಇನ್ನೂರರಷ್ಟು ಇದ್ದವು. ಮಗಳಿಗೆ ಮೊನ್ನೆ ಕೊಂಡ ಹೊಸ ಪೆಟ್ಟಿಗೆಯ ತುಂಡುಗಳ ಮೇಲೆ ಅವನ್ನು ಇಟ್ಟು ಒತ್ತಿದರೆ ನಿನ್ನೆ ತಂದವುಗಳಂತೆ ಕೂತುಬಿಟ್ಟವು. ನಲವತ್ತು ವರ್ಷದ ಹಳೆಯ ಪ್ಲಾಸ್ಟಿಕ್ಕಿಗೆ ಇದು ಹೇಗೆ ಸಾಧ್ಯ? ಇನ್ನೊಂದು ಮಾತನ್ನು ಸಂಕೋಚದಿಂದಲೇ ಕೇಳುತ್ತಿದ್ದೇನೆ. ಮಗಳು ಮಲಗಿದ ಮೇಲೆ ನಾನೇ ಕೂತು ಏನಾದರೂ ಕಟ್ಟುತ್ತಿರುತ್ತೇನೆ, ಮನೆಯವರು ನಗುತ್ತಾರೆ. ಈ ವಯಸ್ಸಿನಲ್ಲಿ ಇದು ಸರಿಯೇ?
— ಓದುಗರೊಬ್ಬರು, ಕುಂದಾಪುರ

ಉತ್ತರ: ನಿಮ್ಮ ಡಬ್ಬಿಯಿಂದ ಎಂಟು ಉಬ್ಬುಗಳಿರುವ ಇಟ್ಟಿಗೆಯೊಂದನ್ನು ತೆಗೆದು ಮಗುಚಿ ನೋಡಿ. ಟೊಳ್ಳಾದ ಹೊಟ್ಟೆಯಲ್ಲಿ ಮೂರು ಕೊಳವೆಗಳು ಸಾಲಾಗಿ ನಿಂತಿರುವುದು ಕಾಣುತ್ತದೆ. ನೀವು ಇದನ್ನು ಇನ್ನೊಂದು ಇಟ್ಟಿಗೆಯ ಮೇಲೆ ಒತ್ತಿದಾಗ ಕೆಳಗಿನ ಇಟ್ಟಿಗೆಯ ಉಬ್ಬುಗಳು ಈ ಕೊಳವೆಗಳಿಗೂ ಗೋಡೆಗೂ ನಡುವೆ ಬಿಗಿಯಾಗಿ ಸಿಕ್ಕಿಕೊಳ್ಳುತ್ತವೆ. ಪ್ಲಾಸ್ಟಿಕ್ಕು ಕಣ್ಣಿಗೆ ಕಾಣದಷ್ಟು ಬಾಗಿ ಮತ್ತೆ ತನ್ನ ಆಕಾರಕ್ಕೆ ಬರಲು ಹವಣಿಸುವುದರಿಂದ ಆ ಒತ್ತಡವೇ ಹಿಡಿತವಾಗುತ್ತದೆ. ಈ ಕೊಳವೆಗಳು ಬರುವ ಮೊದಲಿನ ಇಟ್ಟಿಗೆಗಳು ಒಳಗೆ ಬರೀ ಟೊಳ್ಳಾಗಿದ್ದವು, ಒಂದರ ಮೇಲೊಂದು ಕೂರುತ್ತಿದ್ದವೇ ಹೊರತು ಕಚ್ಚಿಕೊಳ್ಳುತ್ತಿರಲಿಲ್ಲ, ಆದ್ದರಿಂದ ಕಟ್ಟಿದ ಮನೆಯನ್ನು ಎತ್ತಿಕೊಂಡು ಹೋಗಿ ಅಮ್ಮನಿಗೆ ತೋರಿಸುವಷ್ಟರಲ್ಲಿ ಮಕ್ಕಳ ಕೈಯಲ್ಲಿ ಅದು ಬಿಡಿಬಿಡಿಯಾಗುತ್ತಿತ್ತು. ಈ ಕೊರತೆಯನ್ನು ನೀಗಿಸುವ ಕೊಳವೆಯ ವಿನ್ಯಾಸಕ್ಕೆ ಲೆಗೊ ಕಂಪನಿಯ ಗೊಟ್‌ಫ್ರೆಡ್ ಕಿರ್ಕ್ ಕ್ರಿಸ್ಟಿಯಾನ್ಸೆನ್ ಡೆನ್ಮಾರ್ಕಿನಲ್ಲಿ ಪೇಟೆಂಟ್ ಅರ್ಜಿ ಹಾಕಿದ್ದು 1958ರ ಜನವರಿ 28ರಂದು. ಒಂದು ಉಬ್ಬಿನ ನಡುವಿನಿಂದ ಪಕ್ಕದ ಉಬ್ಬಿನ ನಡುವಿಗೆ 8 ಮಿಲಿಮೀಟರ್, ಇಟ್ಟಿಗೆಯ ಎತ್ತರ 9.6 ಮಿಲಿಮೀಟರ್, ಮೂರು ತೆಳು ಹಲಗೆಗಳನ್ನು ಪೇರಿಸಿದರೆ ಸರಿಯಾಗಿ ಒಂದು ಇಟ್ಟಿಗೆ: ಈ ಅಳತೆಗಳನ್ನು ಅಂದಿನಿಂದ ಇಂದಿನವರೆಗೆ ಕಂಪನಿಯವರು ಬದಲಿಸಿಲ್ಲ. ನಿಮ್ಮ ದೊಡ್ಡಪ್ಪ ತಂದ ಇಟ್ಟಿಗೆಗೂ ನಿಮ್ಮ ಮಗಳ ಇಟ್ಟಿಗೆಗೂ ಹೊಂದಾಣಿಕೆಯಾಗಿರುವುದು ಈ ಹಟದಿಂದ. ಜೊತೆಗೆ, 1963ರಿಂದ ಇವನ್ನು ಎಬಿಎಸ್ ಎಂಬ ಗಟ್ಟಿ ಪ್ಲಾಸ್ಟಿಕ್ಕಿನಲ್ಲಿ ಮಾಡುತ್ತ ಬಂದಿದ್ದಾರೆ. ಅದಕ್ಕಿಂತ ಹಿಂದಿನವು ಸೆಲ್ಯುಲೋಸ್ ಅಸಿಟೇಟಿನವು, ವರ್ಷಗಳು ಕಳೆದಂತೆ ಸೊಟ್ಟಗಾಗುತ್ತವೆ. ನಿಮ್ಮವಕ್ಕೆ ಆ ಭಯವಿಲ್ಲ.

ಕಂಪನಿಯ ಮೂಲ ಮರಗೆಲಸದಲ್ಲಿದೆ. ಗೊಟ್‌ಫ್ರೆಡ್ ಅವರ ತಂದೆ ಓಲೆ ಕಿರ್ಕ್ ಕ್ರಿಸ್ಟಿಯಾನ್ಸೆನ್ ಡೆನ್ಮಾರ್ಕಿನ ಬಿಲ್ಲುಂಡ್ ಎಂಬ ಹಳ್ಳಿಯ ಬಡಗಿ. ಜಗತ್ತೆಲ್ಲ ಆರ್ಥಿಕ ಮುಗ್ಗಟ್ಟಿನಲ್ಲಿದ್ದ 1932ರಲ್ಲಿ, ಮನೆ ಕಟ್ಟಿಸುವವರು ಇಲ್ಲವಾದಾಗ, ಅವರು ಮರದ ಆಟಿಕೆಗಳನ್ನು ಮಾಡತೊಡಗಿದರು. 1934ರಲ್ಲಿ, ‘ಚೆನ್ನಾಗಿ ಆಡು’ ಎಂಬರ್ಥದ ಎರಡು ಡೇನಿಷ್ ಪದಗಳನ್ನು ಕತ್ತರಿಸಿ ಸೇರಿಸಿ ಲೆಗೊ ಎಂದು ಹೆಸರಿಟ್ಟರು. ಪ್ಲಾಸ್ಟಿಕ್ ಇಟ್ಟಿಗೆ ಬಂದದ್ದು 1949ರಲ್ಲಿ. ಅದರ ಕಲ್ಪನೆ ಪೂರ್ತಿ ಅವರದಲ್ಲ, ಇಂಗ್ಲೆಂಡಿನ ಹಿಲರಿ ಫಿಶರ್ ಪೇಜ್ ತಮ್ಮ ಕಿಡ್ಡಿಕ್ರಾಫ್ಟ್ ಕಂಪನಿಯಿಂದ ಹೊರತಂದಿದ್ದ ಇಟ್ಟಿಗೆಗಳನ್ನು ನೋಡಿ ರೂಪಿಸಿದ್ದು. ಈ ಋಣವನ್ನು ಹೇಳದೆ ಲೆಗೊ ಕಥೆ ಹೇಳುವವರೇ ಹೆಚ್ಚು. 1960ರಲ್ಲಿ ಮರದ ಆಟಿಕೆಗಳ ಗೋದಾಮು ಬೆಂಕಿಗೆ ಆಹುತಿಯಾದ ಮೇಲೆ ಅವರು ಮರವನ್ನು ಬಿಟ್ಟೇಬಿಟ್ಟರು.

ಇನ್ನು ನಿಮ್ಮ ಸಂಕೋಚದ ಪ್ರಶ್ನೆ. ಕುವೈತಿನ ದೊಡ್ಡಪ್ಪ ಇಲ್ಲದವನು ಎಂಬ ಸಣ್ಣ ಅಸೂಯೆಯಿಂದಲೇ ಉತ್ತರಿಸುತ್ತಿದ್ದೇನೆ. ನಾವು ಖಾಲಿ ಬೆಂಕಿಪೊಟ್ಟಣಗಳಲ್ಲಿ ಮನೆ ಕಟ್ಟುತ್ತಿದ್ದವರು. ಫ್ಯಾನು ಹಾಕಿದರೆ ಊರಿಗೆ ಊರೇ ಹಾರಿಹೋಗುತ್ತಿತ್ತು. ನಿಜವಾದ ಇಟ್ಟಿಗೆ ಇದ್ದದ್ದು ಪಕ್ಕದ ಮನೆಯ ಗೆಳೆಯನಲ್ಲಿ. ಅವನ ತಾಯಿ ಆಟಕ್ಕೆ ಕೂರುವಾಗ ಎಣಿಸಿ ಕೊಡುತ್ತಿದ್ದರು, ಏಳುವಾಗ ಎಣಿಸಿ ತೆಗೆದುಕೊಳ್ಳುತ್ತಿದ್ದರು, ಮತ್ತು ಪ್ರತಿಸಲವೂ ನನ್ನ ಅಂಗಿಯ ಜೇಬನ್ನು ಒಮ್ಮೆ ನೋಡುತ್ತಿದ್ದರು. ಒಂದರ ಮೇಲೊಂದು ಅಂಟಿಕೊಂಡ ಎರಡು ತೆಳು ಹಲಗೆಗಳು ಉಗುರಿಗೆ ಜಗ್ಗದಿದ್ದಾಗ ನಾವು ಹಲ್ಲಿಗೆ ಕೊಡುತ್ತಿದ್ದೆವು, ಹಲಗೆಯ ಅಂಚಿನಲ್ಲಿ ಅಕ್ಕಿಕಾಳಿನ ತುದಿಯಷ್ಟು ಸಣ್ಣ ಬಿಳಿಯ ಗುಳಿಗಳು ಮೂಡುತ್ತಿದ್ದವು. ಗೆಳೆಯನಿಗೆ ಮುಂದಿನ ಎರಡು ಹಲ್ಲು ಬಿದ್ದಿದ್ದ ತಿಂಗಳುಗಳಲ್ಲಿ ಆ ಗುಳಿಗಳೆಲ್ಲ ನನ್ನವೇ ಎಂಬುದನ್ನು ಕಂಡುಹಿಡಿಯಲು ಅವನ ತಾಯಿಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ನಾನು ನನ್ನದೇ ಸಂಬಳದಲ್ಲಿ ಮೊದಲ ಪೆಟ್ಟಿಗೆ ಕೊಂಡದ್ದು 39ನೆಯ ವಯಸ್ಸಿನಲ್ಲಿ. ಆ ರಾತ್ರಿ ಎರಡು ಹಲಗೆಗಳು ಅಂಟಿಕೊಂಡವು, ಕೈ ತಾನಾಗಿ ಬಾಯಿಗೆ ಹೋಯಿತು, ಹಲ್ಲು ತಾಗುವ ಹೊತ್ತಿಗೆ ಕಣ್ಣಿಗೆ ಬಿದ್ದದ್ದು ಪೆಟ್ಟಿಗೆಯಲ್ಲೇ ಇದ್ದ, ತುಂಡು ಬಿಡಿಸುವುದಕ್ಕೆಂದೇ ಮಾಡಿದ ಪುಟ್ಟ ಮೀಟುಗೋಲು.

ಆದ್ದರಿಂದ ನೀವು ಒಬ್ಬರೇ ಅಲ್ಲ. ಬಾಲ್ಯದಲ್ಲಿ ಬಿಟ್ಟು ದೊಡ್ಡವರಾದ ಮೇಲೆ ಮರಳಿದ ಹವ್ಯಾಸಿಗಳು ನಡುವಿನ ವರ್ಷಗಳನ್ನು ತಮಾಷೆಗೆ ‘ಕತ್ತಲೆಯ ಯುಗ’ ಎನ್ನುತ್ತಾರೆ. ನಿಮ್ಮ ಡಬ್ಬಿ ಅಟ್ಟದಲ್ಲಿದ್ದ ಕಾಲವೆಂದರೆ ಅದೇ. 2008ರಲ್ಲಿ ಬಂದ ತಾಜ್ ಮಹಲ್ ಪೆಟ್ಟಿಗೆಯಲ್ಲಿ 5,922 ತುಂಡುಗಳಿದ್ದವು, ಅದನ್ನು ಏಳು ವರ್ಷದ ಮಗುವಿಗೆಂದು ಯಾರೂ ಮಾಡಿರಲಾರರು. 2020ರಿಂದ ಈಚೆಗಂತೂ ಕೆಲವು ಪೆಟ್ಟಿಗೆಗಳ ಮೇಲೆ 18 ವರ್ಷ ಮೇಲ್ಪಟ್ಟವರಿಗೆ ಎಂದೇ ಅಚ್ಚಾಗುತ್ತಿದೆ. ಮನೆಯವರು ನಗುವುದಾದರೆ ನಗಲಿ, ಒಂದು ಸಂಜೆ ಅವರ ಕೈಗೂ ನಾಲ್ಕು ಇಟ್ಟಿಗೆ ಕೊಟ್ಟು ನೋಡಿ. ಆದರೆ ಒಂದು ಎಚ್ಚರಿಕೆ: ಮಗಳು ಅರ್ಧ ಕಟ್ಟಿಟ್ಟದ್ದನ್ನು ರಾತ್ರಿ ನೀವು ‘ಸರಿಪಡಿಸಿ’ ಪೂರ್ತಿಗೊಳಿಸಬೇಡಿ. ಈ ತಪ್ಪನ್ನು ನಾನು ಮಾಡಿದ್ದೇನೆ, ಬೆಳಿಗ್ಗೆ ಎದ್ದ ಮಗುವಿನ ಮುಖವನ್ನೂ ನೋಡಿದ್ದೇನೆ.

ಪ್ರಶ್ನೆ: ನಮ್ಮ ಕಾಲದಲ್ಲಿ ಬ್ಲಾಕ್ಸ್ ಎಂದರೆ ಬಿಡಿ ತುಂಡುಗಳು, ತೋಚಿದ್ದನ್ನು ಕಟ್ಟುತ್ತಿದ್ದೆವು. ನನ್ನ ಒಂಬತ್ತು ವರ್ಷದ ಮಗ ಪುಸ್ತಿಕೆಯಲ್ಲಿರುವಂತೆ ಅಕ್ಷರಶಃ ಕಟ್ಟಿ, ಅದನ್ನು ಶೋಕೇಸಿನಲ್ಲಿಟ್ಟು, ಯಾರಿಗೂ ಮುಟ್ಟಲು ಬಿಡುವುದಿಲ್ಲ. ಇದರಿಂದ ಕಲ್ಪನೆ ಬೆಳೆಯುತ್ತದೆಯೇ?
— ಗೃಹಿಣಿ, ದಾವಣಗೆರೆ

ಉತ್ತರ: ಪುಸ್ತಿಕೆಯನ್ನು ಪೂರ್ತಿ ದೂರಲು ನನಗೆ ಮನಸ್ಸಿಲ್ಲ. ಗಾರೆ ಕೆಲಸದವರು ಗೋಡೆ ಕಟ್ಟುವಾಗ ಕೆಳಗಿನ ಸಾಲಿನ ಸಂದಿನ ಮೇಲೆ ಮೇಲಿನ ಸಾಲಿನ ಸಂದು ಬಾರದಂತೆ ಇಟ್ಟಿಗೆ ಇಡುವುದನ್ನು ನೀವು ನೋಡಿರುತ್ತೀರಿ. ನಾವು ಚಿಕ್ಕಂದಿನಲ್ಲಿ ಹತ್ತು ಗೋಡೆ ಬೀಳಿಸಿ ಕಲಿತ ಈ ಉಪಾಯವನ್ನು ಒಳ್ಳೆಯ ಪುಸ್ತಿಕೆ ಹತ್ತು ಪುಟಗಳಲ್ಲಿ ಕೈಗೆ ಕಲಿಸಿಬಿಡುತ್ತದೆ. ಆದರೆ ಒಂದೇ ವಾಹನಕ್ಕೆಂದು ಅಚ್ಚುಹಾಕಿದ ವಿಶೇಷ ತುಂಡುಗಳೇ ತುಂಬಿರುವ ಪೆಟ್ಟಿಗೆಗಳ ವಿಷಯದಲ್ಲಿ ನಿಮ್ಮ ಆತಂಕಕ್ಕೆ ಕಾರಣವಿದೆ ಎಂದೇ ನನಗೂ ಅನ್ನಿಸುತ್ತದೆ.

ಮಗನಿಗೆ ಒಂದು ಲೆಕ್ಕ ಕೊಡಿ. ಎಂಟು ಉಬ್ಬಿನ, ಒಂದೇ ಬಣ್ಣದ ಎರಡು ಇಟ್ಟಿಗೆಗಳನ್ನು ಎಷ್ಟು ಬಗೆಯಲ್ಲಿ ಜೋಡಿಸಬಹುದು? ಇಪ್ಪತ್ತನಾಲ್ಕು, ಅವನು ಒಂದು ಮಧ್ಯಾಹ್ನದಲ್ಲಿ ತಾನೇ ಜೋಡಿಸಿ ಎಣಿಸಬಲ್ಲ. ಅಂಥವೇ ಆರು ಇಟ್ಟಿಗೆಗಳಾದರೆ? ಬಹಳ ಕಾಲ 10,29,81,500 ಎಂಬ ಅಂಕಿ ಚಲಾವಣೆಯಲ್ಲಿತ್ತು, ಅದು ಆರು ಇಟ್ಟಿಗೆ ಎತ್ತರದ ಗೋಪುರಗಳನ್ನು ಮಾತ್ರ ಎಣಿಸಿದ್ದು. ಕೋಪನ್‌ಹೇಗನ್ ವಿಶ್ವವಿದ್ಯಾಲಯದ ಗಣಿತಜ್ಞ ಸೋರೆನ್ ಐಲರ್ಸ್ ಅಗಲಕ್ಕೆ ಹರಡುವ ಜೋಡಣೆಗಳನ್ನೂ ಸೇರಿಸಿ ಕಂಪ್ಯೂಟರಿನ ನೆರವಿನಿಂದ ಎಣಿಸಿದಾಗ ಸಿಕ್ಕಿದ್ದು 91,51,03,765. ಶೋಕೇಸಿನಲ್ಲಿರುವುದು ಅಲ್ಲೇ ಇರಲಿ, ಅದನ್ನು ಒತ್ತಾಯದಿಂದ ಬಿಚ್ಚಿಸುವುದು ಬೇಡ. ಆರು ಇಟ್ಟಿಗೆಗಳನ್ನು ಬೇರೆ ಕೊಂಡು, ಪುಸ್ತಿಕೆಯಿಲ್ಲದೆ, ಊಟದ ಮೇಜಿನ ಮೇಲೆ ಸುಮ್ಮನೆ ಇಟ್ಟುಬಿಡಿ.

ಕಟ್ಟುವುದಕ್ಕೆ ಎಷ್ಟು ಕಡಿಮೆ ಸಾಮಾನು ಸಾಕು ಎಂಬುದಕ್ಕೆ ಹಳೆಯ ನಿದರ್ಶನವೊಂದಿದೆ. 1837ರಲ್ಲಿ ಜರ್ಮನಿಯ ಬ್ಲಾಂಕೆನ್‌ಬುರ್ಗ್‌ನಲ್ಲಿ ಚಿಕ್ಕ ಮಕ್ಕಳಿಗಾಗಿ ಸಂಸ್ಥೆ ತೆರೆದು, ಮುಂದೆ ಅದಕ್ಕೆ ಕಿಂಡರ್‌ಗಾರ್ಟನ್ ಎಂಬ ಹೆಸರು ಕೊಟ್ಟ ಫ್ರೆಡ್ರಿಕ್ ಫ್ರೋಬೆಲ್, ತಮ್ಮ ಆಟದ ಸಾಮಗ್ರಿಗಳಲ್ಲಿ ಮೂರನೆಯದಾಗಿ ಮಕ್ಕಳ ಕೈಗೆ ಕೊಟ್ಟದ್ದು ಎಂಟೇ ಎಂಟು ಮರದ ಘನಗಳನ್ನು. ಅಮೆರಿಕದ ವಾಸ್ತುಶಿಲ್ಪಿ ಫ್ರಾಂಕ್ ಲಾಯ್ಡ್ ರೈಟ್ ಅವರ ತಾಯಿ ಫ್ರೋಬೆಲ್ ಸಾಮಗ್ರಿಗಳನ್ನು ನೋಡಿದ್ದು 1876ರ ಫಿಲಡೆಲ್ಫಿಯಾ ವಸ್ತುಪ್ರದರ್ಶನದಲ್ಲಿ. ಆಗ ರೈಟ್ ನಿಮ್ಮ ಮಗನಷ್ಟೇ ದೊಡ್ಡವರು. ತಾಯಿ ಮನೆಗೆ ತಂದ ಆ ನುಣುಪಾದ ಮರದ ತುಂಡುಗಳು ಇನ್ನೂ ತಮ್ಮ ಬೆರಳುಗಳಲ್ಲಿವೆ ಎಂದು ಅವರು ಮುಪ್ಪಿನಲ್ಲೂ ನೆನೆಯುತ್ತಿದ್ದರು.

ಪ್ರಶ್ನೆ: ನವರಾತ್ರಿಯ ಗೊಂಬೆಗಳ ಜೊತೆ ಪ್ಲಾಸ್ಟಿಕ್ ಇಟ್ಟಿಗೆಯಲ್ಲಿ ಕಟ್ಟಿದ ರೈಲ್ವೆ ಸ್ಟೇಷನ್ ಇಡುತ್ತೇವೆಂದು ಮೊಮ್ಮಕ್ಕಳು ಹಟ ಹಿಡಿದಿದ್ದಾರೆ. ಇಡಬಹುದೇ?
— ಅಜ್ಜಿ, ಮೈಸೂರು

ಉತ್ತರ: ಧಾರಾಳವಾಗಿ ಇಡಬಹುದು, ಅಜ್ಜಿ. ಪಟ್ಟದ ಗೊಂಬೆಗಳ ಮೆಟ್ಟಿಲನ್ನು ಮಾತ್ರ ಅವುಗಳಿಗೇ ಬಿಟ್ಟು, ಸ್ಟೇಷನ್ನನ್ನು ಕೆಳಗೆ ರಾಗಿ ಪೈರು ಬೆಳೆಸುವ ಪಾರ್ಕಿನ ಪಕ್ಕಕ್ಕೆ ಕೂರಿಸಿ. ಪೈರಿಗೆ ಚಿಮುಕಿಸುವ ನೀರಿನಿಂದ ರಟ್ಟಿನ ಮನೆಗಳು ಮೂರನೆಯ ದಿನಕ್ಕೇ ಮೆತ್ತಗಾಗುತ್ತವೆ, ಈ ಇಟ್ಟಿಗೆಗೆ ಏನೂ ಆಗುವುದಿಲ್ಲ. ಶೆಟ್ಟಿ ಮತ್ತು ಶೆಟ್ಟಿತಿಯ ಅಂಗಡಿ ಸ್ಟೇಷನ್ ಎದುರಿಗಿದ್ದರೆ ವ್ಯಾಪಾರವೂ ಚೆನ್ನಾಗಿ ಆದೀತು.

ಪ್ರಶ್ನೆ: ನಾನು ಆಡಿದ ಹಳೆಯ ಇಟ್ಟಿಗೆಗಳನ್ನು ಈಗ ಮಕ್ಕಳಿಗೆ ಕೊಡಬೇಕೆಂದಿದ್ದೇನೆ. ದೊಡ್ಡವನಿಗೆ ಆರು, ಚಿಕ್ಕವಳಿಗೆ ಎರಡು ವರ್ಷ. ಧೂಳು ಹಿಡಿದಿವೆ, ಬಿಳಿಯವು ಹಳದಿಯಾಗಿವೆ, ಕೆಲವದರ ಮೇಲೆ ನನ್ನದೇ ಹಲ್ಲಿನ ಗುರುತುಗಳಿವೆ. ಹೊಸದರಂತೆ ಮಾಡುವುದು ಹೇಗೆ?
— ಓದುಗರೊಬ್ಬರು, ಬೆಂಗಳೂರು

ಉತ್ತರ: ಉಗುರುಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ಸೋಪಿನ ನೀರನ್ನು ಸ್ವಲ್ಪ ಬೆರೆಸಿ, ಇಟ್ಟಿಗೆಗಳನ್ನು ಅರ್ಧ ಗಂಟೆ ನೆನೆಸಿ, ಕೊಳವೆಗಳ ಸಂದನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ. ನೀರು 40 ಡಿಗ್ರಿ ಸೆಲ್ಸಿಯಸ್ ಮೀರಬಾರದು, ಮೀರಿದರೆ ತುಂಡುಗಳು ಆಕಾರ ಕೆಡಬಹುದು. ಕುದಿಯುವ ನೀರು, ವಾಷಿಂಗ್ ಮೆಷಿನ್ನು ಎರಡೂ ಬೇಡ. ಬಟ್ಟೆಯ ಮೇಲೆ ಹರವಿ ನೆರಳಿನಲ್ಲೇ ಒಣಗಿಸಿ, ಏಕೆಂದರೆ ಬಿಳಿ ತುಂಡುಗಳು ಹಳದಿಯಾಗಲು ಮುಖ್ಯ ಕಾರಣವೇ ಬಿಸಿಲಿನ ನೇರಳಾತೀತ ಕಿರಣ. ಹೈಡ್ರೋಜನ್ ಪೆರಾಕ್ಸೈಡಿನಲ್ಲಿ ಮುಳುಗಿಸಿ ಬೆಳಕಿಗಿಟ್ಟು ಬಿಳಿ ಮಾಡಿಕೊಳ್ಳುವವರಿದ್ದಾರೆ. ಹಳದಿ ಮತ್ತೆ ಮರಳುವುದುಂಟು, ಮಕ್ಕಳಿರುವ ಮನೆಯಲ್ಲಿ ಆ ರಾಸಾಯನಿಕದ ಸಹವಾಸವನ್ನು ನಾನಂತೂ ಮಾಡುವುದಿಲ್ಲ. ಚಿಕ್ಕವಳಿಗೆ ಇವನ್ನು ಈಗಲೇ ಕೊಡಬೇಡಿ, ಸಣ್ಣ ತುಂಡುಗಳು ಗಂಟಲಿಗೆ ಸಿಕ್ಕಿಕೊಳ್ಳುವ ಅಪಾಯವಿದೆ. ಅವಳ ವಯಸ್ಸಿಗೆಂದೇ 1969ರಲ್ಲಿ ಬಂದ ಡ್ಯುಪ್ಲೊ ಇಟ್ಟಿಗೆ ಉದ್ದ, ಅಗಲ, ಎತ್ತರಗಳಲ್ಲಿ ಇವುಗಳ ಎರಡರಷ್ಟಿದೆ, ನಾಳೆ ಅಣ್ಣನ ಇಟ್ಟಿಗೆಗಳ ಜೊತೆಗೂ ಜೋಡಿಸಬಹುದು.

ಹಲ್ಲಿನ ಗುರುತು ಮಾತ್ರ ಯಾವ ಸೋಪಿಗೂ ಹೋಗುವುದಿಲ್ಲ. ಹಿಡಿತಕ್ಕೆ ಅದರಿಂದ ತೊಂದರೆಯಿಲ್ಲ, ಹಾಗೆಯೇ ಕೊಡಿ. ಅದು ಯಾರ ಹಲ್ಲು ಎಂದು ದೊಡ್ಡವನು ಹೇಗೂ ಕೇಳುತ್ತಾನೆ.