ಪೆಡಲ್ ಬದಲಿಸಿದರೂ ಘಾಟಿಯಲ್ಲಿ ಪಿಕಪ್ ಹೋಗುವುದೇಕೆ?

ಪ್ರಶ್ನೆ: ನನ್ನದು 2018ರ ಬಿಎಸ್-4 ಲಾರಿ, ಹತ್ತು ಚಕ್ರದ್ದು. ಮಂಗಳೂರಿನಿಂದ ಗೊಬ್ಬರ ಹೇರಿಕೊಂಡು ಶಿರಾಡಿ ಘಾಟಿ ಏರುವಾಗ ಇದ್ದಕ್ಕಿದ್ದಂತೆ ಪಿಕಪ್ ಹೋಗುತ್ತದೆ. ಎಷ್ಟು ತುಳಿದರೂ ಎಂಜಿನ್ ಏರುವುದಿಲ್ಲ, ಎಚ್ಚರಿಕೆ ದೀಪ ಹತ್ತುತ್ತದೆ. ಕೀ ತೆಗೆದು ಮತ್ತೆ ಹಾಕಿದರೆ ಸರಿಹೋಗುತ್ತದೆ. ಮೆಕ್ಯಾನಿಕ್ ಸ್ಕ್ಯಾನರ್ ಹಾಕಿ ಥ್ರಾಟಲ್ ಸೆನ್ಸರ್, ಅಂದರೆ ಆಕ್ಸಿಲರೇಟರ್ ಪೆಡಲಿನ ಸೆನ್ಸರ್, ಕೆಟ್ಟಿದೆ ಎಂದರು. ಪೆಡಲ್ ಸಮೇತ ಹೊಸದು ಹಾಕಿಸಿದೆ. ಎರಡೇ ಟ್ರಿಪ್ಪಿಗೆ ಮತ್ತೆ ಅದೇ ಕಾಟ. ಏನು ಮಾಡಲಿ?
– ಲಾರಿ ಮಾಲೀಕರು, ಹಾಸನ

ಉತ್ತರ: ಬಿಚ್ಚಿದ ಹಳೆಯ ಪೆಡಲನ್ನು ಎಸೆಯಬೇಡಿ. ಅದು ಕೆಟ್ಟಿಲ್ಲದಿರುವ ಸಾಧ್ಯತೆಯೇ ಹೆಚ್ಚು. ಸ್ಕ್ಯಾನರ್ ಯಾವ ಸರ್ಕ್ಯೂಟಿನಲ್ಲಿ ತೊಂದರೆ ಎಂದಷ್ಟೇ ಹೇಳುತ್ತದೆ. ಕೆಟ್ಟ ಭಾಗವನ್ನು ಹುಡುಕಬೇಕಾದವರು ನಾವು. ಕೋಡಿನಲ್ಲಿ ಎಸ್‌ಪಿಎನ್ ಎಂದರೆ ತೊಂದರೆ ಎಲ್ಲಿದೆ ಎನ್ನುವ ಸಂಖ್ಯೆ, ಎಫ್‌ಎಂಐ ಎಂದರೆ ತೊಂದರೆ ಯಾವ ಬಗೆಯದು ಎನ್ನುವ ಸಂಖ್ಯೆ. ನಿಮಗೆ ಬಂದ ಕೋಡ್ ಎಸ್‌ಪಿಎನ್ 91 ಆಗಿದ್ದರೆ ಅದು ಆಕ್ಸಿಲರೇಟರ್ ಪೆಡಲ್ ಸರ್ಕ್ಯೂಟ್. ಜೊತೆಗಿರುವ ಎಫ್‌ಎಂಐ 3 ಆದರೆ ವೋಲ್ಟೇಜ್ ಮಿತಿಗಿಂತ ಮೇಲೆ, 4 ಆದರೆ ಕೆಳಗೆ. ತುಂಡಾಗುತ್ತಿರುವ ವೈರಿನಿಂದಲೂ ಈ ಕೋಡ್ ಬರಬಹುದು.

ನಿಮ್ಮ ಎಂಜಿನ್‌ನಲ್ಲಿ ಪೆಡಲಿಗೂ ಪಂಪಿಗೂ ನಡುವೆ ಕೇಬಲ್ ಇಲ್ಲ. ಪೆಡಲಿನೊಳಗಿನ ಎರಡು ಸೆನ್ಸರ್‌ಗಳು ನೀವೆಷ್ಟು ತುಳಿದಿರೆಂದು ಇಸಿಯುಗೆ, ಅಂದರೆ ಎಂಜಿನ್ ನಿಯಂತ್ರಿಸುವ ಕಂಪ್ಯೂಟರಿಗೆ, ತಿಳಿಸುತ್ತವೆ, ಅದು ಡೀಸೆಲ್ ಅಳೆದು ಕೊಡುತ್ತದೆ. ಎರಡರ ಲೆಕ್ಕ ತಾಳೆಯಾಗದಿದ್ದರೆ ಇಸಿಯು ಎರಡನ್ನೂ ನಂಬದೆ ಎಂಜಿನ್ ಶಕ್ತಿಯನ್ನು ಕಡಿತಗೊಳಿಸುತ್ತದೆ. ಲಾರಿ ತಾನಾಗಿ ನುಗ್ಗಬಾರದೆಂದು ಮಾಡಿರುವ ಏರ್ಪಾಡು ಅದು.

ಈಗ ಅಳೆಯೋಣ. ಕೀ ಆನ್ ಇರಲಿ, ಎಂಜಿನ್ ಬೇಡ. ಪೆಡಲಿನ ಕಪ್ಲರ್ (ವೈರುಗಳನ್ನು ಜೋಡಿಸುವ ಪ್ಲಗ್) ಬಿಚ್ಚದೆ, ವೈರಿನ ಸಿಪ್ಪೆಗೆ ಚುಚ್ಚದೆ, ಹಿಂಬದಿಯಿಂದ ತೆಳುವಾದ ಪಿನ್ ತೂರಿಸಿ ಮೀಟರ್ ಹಿಡಿಯಿರಿ. ಸಾಮಾನ್ಯವಾಗಿ ಆರು ವೈರುಗಳಿರುತ್ತವೆ: ಎರಡರಲ್ಲಿ 5 ವೋಲ್ಟ್, ಎರಡು ಅರ್ತ್, ಎರಡು ಸಿಗ್ನಲ್. ಅನೇಕ ಲಾರಿಗಳಲ್ಲಿ ಕಾಲು ತೆಗೆದಾಗ ಮೊದಲ ಸಿಗ್ನಲ್ ಸುಮಾರು 0.75 ವೋಲ್ಟ್, ಪೂರ್ತಿ ತುಳಿದಾಗ 4ರ ಆಸುಪಾಸು. ಎರಡನೆಯದು ಯಾವಾಗಲೂ ಮೊದಲನೆಯದರ ಅರ್ಧ. ನಿಮ್ಮ ಮಾದರಿಯ ನಿಖರ ಅಂಕಿ ಸರ್ವಿಸ್ ಕೈಪಿಡಿಯಲ್ಲಿ ಸಿಗುತ್ತದೆ. ದಯವಿಟ್ಟು ಇಲ್ಲಿ ಬಲ್ಬಿನ ಟೆಸ್ಟ್ ಲ್ಯಾಂಪ್ ಬಳಸಬೇಡಿ. ಅದರ ಮೂಲಕ ಬ್ಯಾಟರಿಯ 24 ವೋಲ್ಟ್ ಈ ವೈರಿಗೆ ತಗುಲಿದರೆ ಇಸಿಯು ಸುಟ್ಟುಹೋದೀತು.

ನನಗೆ ಹಳೆಯ ಮುಳ್ಳಿನ ಮೀಟರೇ ಇಷ್ಟ. ಪೆಡಲನ್ನು ತೀರಾ ನಿಧಾನವಾಗಿ ಒತ್ತುತ್ತಾ ಹೋಗಿ. ಮುಳ್ಳು ಎಣ್ಣೆ ಸುರಿದಂತೆ ಏರಬೇಕು. ಒಂದೇ ಜಾಗದಲ್ಲಿ ಪ್ರತಿಸಲವೂ ತಟಕ್ಕನೆ ಬಿದ್ದೆದ್ದರೆ ಸೆನ್ಸರಿನ ಪಟ್ಟಿ ಸವೆದಿದೆ. ಡಿಜಿಟಲ್ ಮೀಟರಿನಲ್ಲಿ ಈ ಕ್ಷಣಮಾತ್ರದ ಜಿಗಿತ ಕಣ್ಣಿಗೆ ಬೀಳದೆ ಹೋಗಬಹುದು.

ನಿಮ್ಮ ಲಾರಿ ಏರಿನಲ್ಲಿ ಮಾತ್ರ ಕೈಕೊಡುವುದರಿಂದ ನನ್ನ ಅನುಮಾನ ವೈರಿಂಗ್ ಮೇಲೆ. ಲೋಡಿನಲ್ಲಿ ಎಳೆಯುವಾಗ ಎಂಜಿನ್ ತನ್ನ ಮೌಂಟಿಂಗ್ ಮೇಲೆ ಓರೆಯಾಗುತ್ತದೆ, ಇಸಿಯು ಎಂಜಿನ್ ಮೇಲಿದ್ದರೆ ಅದರ ಜೊತೆ ವೈರಿಂಗೂ ಎಳೆಯಲ್ಪಡುತ್ತದೆ. ಕ್ಯಾಬಿನ್ ಎತ್ತಿದಾಗ ವೈರಿನ ಕಟ್ಟು ಮಡಚಿಕೊಳ್ಳುವ ಜಾಗ ನೋಡಿ. ಹೊರಗಿನ ಸಿಪ್ಪೆ ಚೆನ್ನಾಗಿದ್ದು ಒಳಗಿನ ತಾಮ್ರ ತುಂಡಾಗಿರಬಹುದು. ಒಬ್ಬರು ಅರ್ಧ ಪೆಡಲ್ ಒತ್ತಿ ಹಿಡಿಯಲಿ, ಇನ್ನೊಬ್ಬರು ಕಟ್ಟನ್ನು ಗೇಣು ಗೇಣಾಗಿ ಅಲುಗಾಡಿಸುತ್ತಾ ಬರಲಿ. ಮುಳ್ಳು ಕುಣಿದ ಜಾಗವೇ ಕಳ್ಳ. ಆಮೇಲೆ ಕೀ ಆಫ್ ಮಾಡಿ ಕಪ್ಲರ್ ಬಿಚ್ಚಿ ಪಿನ್ನುಗಳನ್ನು ನೋಡಿ. ಕರಾವಳಿಯ ಓಡಾಟದ ಲಾರಿ, ಹಸಿರು ಕಿಲುಬು ಹಿಡಿದಿದ್ದರೆ ಆಶ್ಚರ್ಯವಿಲ್ಲ. ಅರ್ತ್ ವೈರನ್ನು ಮರೆಯಬೇಡಿ. ಕೀ ಆನ್ ಇರುವಾಗ ಅದಕ್ಕೂ ಬ್ಯಾಟರಿಯ ಮೈನಸ್‌ಗೂ ನಡುವೆ 0.1 ವೋಲ್ಟ್‌ಗಿಂತ ಹೆಚ್ಚು ತೋರಿಸಿದರೆ ಅಲ್ಲೂ ದೋಷವಿದೆ.

ಇಷ್ಟಾದರೂ ಸಿಗದಿದ್ದರೆ ಬ್ರೇಕ್ ಸ್ವಿಚ್ ನೋಡಿ. ಬ್ರೇಕೂ ಆಕ್ಸಿಲರೇಟರೂ ಒಟ್ಟಿಗೆ ಒತ್ತಿದಂತೆ ಕಂಡರೆ ಅನೇಕ ಇಸಿಯುಗಳು ಎಂಜಿನ್ನನ್ನು ಸ್ಲೋಗೆ ಇಳಿಸುತ್ತವೆ. ಕಾಲಿಡದೆಯೇ ಹಿಂದಿನ ಕೆಂಪು ದೀಪ ಉರಿಯುತ್ತಿದ್ದರೆ ಕಾರಣ ಅಲ್ಲಿದೆ. ಡೀಸೆಲ್ ಫಿಲ್ಟರ್ ಕಟ್ಟಿದರೂ ಏರಿನಲ್ಲಿ ಪಿಕಪ್ ಹೋಗುತ್ತದೆ ನಿಜ, ಆದರೆ ಅದಕ್ಕೆ ಪೆಡಲಿನ ಕೋಡ್ ಬರುವುದಿಲ್ಲ.

ಸರಿಯಾಗುವವರೆಗೆ ಲೋಡಿನೊಂದಿಗೆ ಘಾಟಿ ಹತ್ತಿಸಬೇಡಿ. ದಾರಿಯಲ್ಲಿ ನಿಂತರೆ ಚಕ್ರಕ್ಕೆ ಕಲ್ಲು ಕೊಟ್ಟೇ ಕೆಳಗಿಳಿಯಿರಿ. ಹೊರಡುವಾಗ ಆ ಕಲ್ಲನ್ನು ರಸ್ತೆಯ ಮೇಲೆ ಬಿಟ್ಟು ಬರಬೇಡಿ. ರಾತ್ರಿ ಹಿಂದೆ ಬರುವ ಬೈಕಿನವರಿಗೆ ಅದು ಕಾಣುವುದಿಲ್ಲ.