ಫೋನ್ ಕೊಟ್ಟು ನೀವು ಆಚೆ ಬನ್ನಿ

ಪ್ರಶ್ನೆ: ನಮ್ಮದು ಸಾಗರ ತಾಲೂಕಿನ ಒಂದು ಹಳ್ಳಿ. ಅಪ್ಪ ಹೋಗಿ ಆರು ತಿಂಗಳಾಯಿತು. ಅಮ್ಮನಿಗೆ ನಿದ್ದೆಯಿಲ್ಲ, ಊಟ ಸೇರುವುದಿಲ್ಲ. ಜಗಲಿಯಲ್ಲಿ ಸುಮ್ನೆ ಕೂತಿರುತ್ತಾಳೆ. ಶಿವಮೊಗ್ಗಕ್ಕೆ ಹೋಗೋಣ ಅಂದರೆ ‘ನನಗೇನು ಹುಚ್ಚಾ?’ ಅಂತಾಳೆ. ಫೋನಿನಲ್ಲೇ ಡಾಕ್ಟರ ಹತ್ತಿರ ಮಾತಾಡಿಸಬಹುದಾ?

ಉತ್ತರ: ಖಂಡಿತ ಮಾತಾಡಿಸಬಹುದು. 14416ಕ್ಕೆ ಕರೆ ಮಾಡಿ. ಇದು 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ ಮಾನಸ್ ಸಹಾಯವಾಣಿ. ಬೆಂಗಳೂರಿನ ನಿಮ್ಹಾನ್ಸ್ ಇದರ ಮುಖ್ಯ ಕೇಂದ್ರ. ದಿನದ 24 ಗಂಟೆಯೂ ಇರುತ್ತದೆ, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಮೊದಲು ಆಪ್ತಸಮಾಲೋಚಕರು ಸಿಗುತ್ತಾರೆ. ಅಗತ್ಯವಿದ್ದರೆ ಮನೋವೈದ್ಯರ ಹತ್ತಿರ ಮಾತಾಡಿಸುತ್ತಾರೆ. ‘ಹುಚ್ಚಿಗೆ’ ಅನ್ನಬೇಡಿ, ‘ನಿದ್ದೆ ಬರ್ತಿಲ್ವಲ್ಲ, ಅದನ್ನ ಹೇಳು’ ಅನ್ನಿ. ಅದು ಸುಳ್ಳೂ ಅಲ್ಲ, ಅಲ್ವಾ?

ಒಂದು ವಿಷಯ ಮಾತ್ರ ಮರೆಯಬೇಡಿ. ನಾನು ವಿಡಿಯೋ ಕರೆಯಲ್ಲಿ ನೋಡುತ್ತಿದ್ದ ಒಬ್ಬ ತಾಯಿ ಮೂರು ಸಲವೂ ‘ಆರಾಮಿದ್ದೀನಿ’ ಅಂದರು. ಮಾತ್ರೆ ಹಿಡಿದಿದೆ ಅಂತ ನಾನೂ ನಂಬಿದೆ. ನಾಲ್ಕನೆಯ ಸಲ ಅವರು ಕೊಟ್ಟಿಗೆಯಿಂದ ಮಾತಾಡಿದರು. ಹಿಂದೆ ಹಸುವಿನ ಕೊರಳಗಂಟೆ ಕೇಳುತ್ತಿತ್ತು. ಸೆರಗಿನಿಂದ ಬಾಯಿ ಮುಚ್ಚಿಕೊಂಡು ಹತ್ತು ನಿಮಿಷ ಅತ್ತರು. ಅಲ್ಲಿಯವರೆಗೆ ಪ್ರತಿ ಸಲವೂ ಮಗ, ಸೊಸೆ ಪಕ್ಕದಲ್ಲೇ ಕೂತಿದ್ದರಂತೆ. ಪ್ರೀತಿಯಿಂದಲೇ ಕೂತಿದ್ದರು. ಅಂದಿನಿಂದ ‘ಪಕ್ಕದಲ್ಲಿ ಯಾರಿದ್ದಾರೆ?’ ಅನ್ನುವುದೇ ನನ್ನ ಮೊದಲ ಪ್ರಶ್ನೆ. ನೀವೂ ಅಮ್ಮನ ಕೈಗೆ ಫೋನ್ ಕೊಟ್ಟು ಆಚೆ ಬನ್ನಿ. ನೀವು ಕಂಡದ್ದನ್ನು ಡಾಕ್ಟರಿಗೆ ಬೇರೆಯಾಗಿ ಹೇಳಿ.

ಫೋನಿನಲ್ಲಿ ನಾಡಿ ಹಿಡಿಯಲು ಬರುವುದಿಲ್ಲ. ರಕ್ತ ಕಡಿಮೆಯಿದ್ದರೂ ಥೈರಾಯ್ಡ್ ಏರುಪೇರಾದರೂ ಹೀಗೇ ಸುಸ್ತು, ಬೇಸರ ಆಗಬಹುದು. ಆಶಾ ಕಾರ್ಯಕರ್ತೆಯನ್ನು ಕೇಳಿ ಒಮ್ಮೆ ರಕ್ತ ಪರೀಕ್ಷೆ ಮಾಡಿಸಿ. ನೇರವಾಗಿ ತೋರಿಸಲು ಶಿವಮೊಗ್ಗವೇ ಆಗಬೇಕೆಂದಿಲ್ಲ. ಮನೋಚೈತನ್ಯ ಕಾರ್ಯಕ್ರಮದಲ್ಲಿ ಮನೋವೈದ್ಯರು ಮಂಗಳವಾರ ತಾಲೂಕು ಆಸ್ಪತ್ರೆಗಳಿಗೆ ಬರುತ್ತಾರೆ. ನಿಮ್ಮಲ್ಲಿಗೆ ಯಾವ ಮಂಗಳವಾರ ಅಂತ ವಿಚಾರಿಸಿ. ಮಾತ್ರೆ ಬರೆದುಕೊಟ್ಟರೆ, ನಾಲ್ಕು ದಿನ ನಿದ್ದೆ ಬಂತು ಅಂತ ನಿಲ್ಲಿಸಬೇಡಿ.

ಅಮ್ಮ ‘ನಾನೂ ಹೋಗಿಬಿಡ್ತೀನಿ’ ಅಂದರೆ ಅದನ್ನು ಬರೀ ಮಾತು ಅಂದುಕೊಳ್ಳಬೇಡಿ. ‘ಸಾಯಬೇಕು ಅನಿಸ್ತಿದೆಯಾ?’ ಅಂತ ನೇರವಾಗಿಯೇ ಕೇಳಿ. ಕೇಳಿದರೆ ಆ ಯೋಚನೆ ಹೊಸದಾಗಿ ಹುಟ್ಟುವುದಿಲ್ಲ. ಹೌದು ಅಂದರೆ ಒಬ್ಬರನ್ನೇ ಬಿಡದೆ ಆಗಲೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ತೋಟಕ್ಕೆ ಹೊಡೆಯುವ ಔಷಧಿಗಳಿಗೆ ಮಾತ್ರ ಇವತ್ತೇ ಬೀಗ ಹಾಕಿ. ಕೀಲಿ ನಿಮ್ಮ ಹತ್ತಿರವೇ ಇರಲಿ.