ಅತ್ತೆ ಮೇಲಿನ ಕೋಪ, ಕೊತ್ತಿ ಮೇಲೆ

ಮೂಡಿಗೆರೆ ಕಡೆಯ ಓದುಗರೊಬ್ಬರ ಪತ್ರ ಇದು. ಕಣದಲ್ಲಿ ಒಣಗೋಕೆ ಹಾಕಿದ್ದ ಕಾಫಿ ಅಕಾಲದ ಮಳೆಗೆ ನೆನೆಯಿತು. ಟಾರ್ಪಾಲ್ ಹೊದಿಸೋದು ತಡ ಮಾಡಿದ ಅಂತ ಅವರ ಅಣ್ಣ ತಮ್ಮದೇ ಹನ್ನೊಂದು ವರ್ಷದ ಮಗನಿಗೆ ಬೆಲ್ಟಿನಲ್ಲಿ ಬಾರಿಸಿದರು. 'ಅಣ್ಣ ಕೆಟ್ಟವರಲ್ಲ. ಮರುದಿನ ಮೂಟೆಗೆ ರೇಟು ಇಳಿಸಿ ಕೇಳಿದ ವ್ಯಾಪಾರಿ ಹತ್ತಿರ ನಗುನಗುತ್ತಲೇ ಮಾತಾಡಿದರು. ಸಿಟ್ಟು ಒಳಗಿಟ್ಟುಕೊಳ್ಳಬಾರದು, ಹೊರಗೆ ಬಂದರೆ ತಣ್ಣಗಾಗುತ್ತೆ ಅಂತಾರೆ ಮನೆಯವರು. ನಿಜವಾ?' ಅಂತ ಕೇಳಿದ್ದಾರೆ.

ನಿಜ ಅಲ್ಲ. ಅಮೆರಿಕದ ಮನಃಶಾಸ್ತ್ರಜ್ಞ ಬ್ರಾಡ್ ಬುಶ್‌ಮನ್ ಇದನ್ನೇ ಪರೀಕ್ಷೆ ಮಾಡಿ 2002ರಲ್ಲಿ ಪ್ರಕಟಿಸಿದರು. ಕಾಲೇಜು ಹುಡುಗ ಹುಡುಗಿಯರಿಂದ ಪ್ರಬಂಧ ಬರೆಸಿ, ಅದನ್ನು ಓದಿದವರು ಕೆಟ್ಟದಾಗಿ ಜರೆದಿದ್ದಾರೆ ಅಂತ ತೋರಿಸಿ ಸಿಟ್ಟು ಬರಿಸಿದರು. ಆಮೇಲೆ ಕೆಲವರಿಗೆ, ಜರೆದವನನ್ನೇ ನೆನೆಸಿಕೊಂಡು ಪಂಚಿಂಗ್ ಬ್ಯಾಗ್‌ಗೆ ಗುದ್ದಿ ಅಂದರು. ಇನ್ನು ಕೆಲವರು ಸುಮ್ನೆ ಕೂತಿದ್ದರು. ಕೊನೆಗೆ ಜರೆದವನ ಕಿವಿಗೆ ಜೋರು ಸದ್ದು ಹಾಯಿಸೋ ಅವಕಾಶ ಕೊಟ್ಟಾಗ, ಗುದ್ದಿ ಬಂದವರೇ ಜಾಸ್ತಿ ಸಿಟ್ಟಲ್ಲಿದ್ದರು, ಜಾಸ್ತಿ ಕಾಟ ಕೊಟ್ಟರು. ಸುಮ್ನೆ ಕೂತವರೇ ಎಷ್ಟೋ ವಾಸಿ.

ಆದರೆ ನಿಮ್ಮ ಪತ್ರದಲ್ಲಿ ನನಗೆ ದೊಡ್ಡದಾಗಿ ಕಂಡದ್ದು ಆ ವ್ಯಾಪಾರಿಯ ಸಾಲು. ಅವನ ಮುಂದೆ ಅಣ್ಣನಿಗೆ ಕೋಪ ತಡೆಯೋಕಾಯಿತಲ್ಲ! ಬೇಕೆನಿಸಿದ್ದು ಕೈತಪ್ಪಿದರೆ ಕೈ ಏಳುತ್ತೆ ಅಂತ ಯೇಲ್ ವಿಶ್ವವಿದ್ಯಾಲಯದ ಜಾನ್ ಡಾಲರ್ಡ್ ಮತ್ತು ಜೊತೆಗಾರರು 1939ರಲ್ಲೇ ಹೇಳಿದ್ದರು. ಯಾವಾಗಲೂ ಹಾಗಾಗಲ್ಲ ಅಂತ ಅವರಲ್ಲೇ ಒಬ್ಬರು ಬೇಗನೆ ತಿದ್ದಿದರು, ಅದಿರಲಿ. ಪೆಟ್ಟು ವಾಪಸ್ ಬರುತ್ತೆ ಅನ್ನೋ ಭಯ ಇದ್ದ ಕಡೆ ಸಿಟ್ಟು ಅಡಗಿ, ತಿರುಗಿ ಹೊಡೆಯಲಾರದವರ ಮೇಲೆ ಬೀಳುತ್ತೆ ಅಂತಲೂ ಡಾಲರ್ಡ್ ತಂಡ ಬರೆದಿತ್ತು. ಮಳೆಗೆ ಬಾರಿಸೋಕಾಗಲ್ಲ. ವ್ಯಾಪಾರಿಗೆ ಬಾರಿಸಿದರೆ ಕಾಫಿ ಮಾರೋದು ಯಾರಿಗೆ? ಹುಡುಗ ಸಿಕ್ಕಿದ. 'ಕೋಪಿಷ್ಠ, ಆದರೆ ಮನಸ್ಸು ಬೆಣ್ಣೆ' ಅಂತ ನಮ್ಮ ಮಲೆನಾಡಿನ ಮನೆಗಳಲ್ಲಿ ಹೊಗಳೋದನ್ನು ಕೇಳಿ ಕೇಳಿ ನನಗಂತೂ ಸಾಕಾಗಿದೆ. ಆ ಬೆಣ್ಣೆ ವ್ಯಾಪಾರಿಗೆ, ಬೆಲ್ಟು ಮಗನಿಗೆ, ಅಲ್ವಾ?

ಹುಡುಗನ ವಿಷಯ ಬೇರೆ. 1961ರಲ್ಲಿ ಮನಃಶಾಸ್ತ್ರಜ್ಞ ಆಲ್ಬರ್ಟ್ ಬಂಡೂರ ಪುಟ್ಟ ಮಕ್ಕಳ ಎದುರು ದೊಡ್ಡವರಿಂದ ಗೊಂಬೆಗೆ ಸುತ್ತಿಗೆಯಲ್ಲಿ ಹೊಡೆಸಿದರು. ಅದನ್ನು ನೋಡಿದ ಮಕ್ಕಳಲ್ಲಿ ಎಷ್ಟೋ ಮಂದಿ ಆಮೇಲೆ ಅದೇ ಸುತ್ತಿಗೆ ಹಿಡಿದು, ಅದೇ ಮಾತು ಆಡುತ್ತಾ ಗೊಂಬೆಗೆ ಬಾರಿಸಿದರು. ನಿಮ್ಮ ಹುಡುಗ ನೋಡಿದ್ದಷ್ಟೇ ಅಲ್ಲ, ತಿಂದಿದ್ದಾನೆ.

ಅಣ್ಣ ಸಿಟ್ಟಲ್ಲಿದ್ದಾಗ ಉಪದೇಶ ಮಾಡೋಕೆ ಹೋಗಬೇಡಿ, ಹುಡುಗನನ್ನು ಅಲ್ಲಿಂದ ಕರ್ಕೊಂಡು ಹೋಗಿ. ತಣ್ಣಗಾದ ಮೇಲೆ ವ್ಯಾಪಾರಿ ವಿಷಯ ಎತ್ತಿ ನೇರವಾಗಿ ಕೇಳಿ, ತಮ್ಮನಾಗಿ ಅಷ್ಟು ಸಲುಗೆ ನಿಮಗಿದೆ. ಮತ್ತೆ ಬೆಲ್ಟು ಎತ್ತಿದರೆ ಮರ್ಯಾದೆ ಅಂತ ಕೂರಬೇಡಿ. ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ.